ಮುಖ ತಿರುಗಿಸಿ ನಿಲ್ಲುತ್ತಿದ್ದ ರತ್ನಮಾಲಾ

ಯಾರಾದರೂ ಪಾಸ್‌ವರ್ಡ್ ಹೊಡೆಯಲು ಶುರು ಮಾಡಿದರೆ ಸಾಕು, ರತ್ನಮಾಲಾ ಮುಖ ತಿರುಗಿಸಿ ನಿಲ್ಲುತ್ತಿದ್ದಳು. ನಾವೆಲ್ಲ ಮಾಡುವಂತೆ ಕಣ್ಣನ್ನಷ್ಟೇ ಅತ್ತ ಸರಿಸಿ, ಬೆರಳು ಎಲ್ಲಿ ಬೀಳುತ್ತದೆಂದು ಓರೆಗಣ್ಣಲ್ಲಿ ನೋಡುವುದಲ್ಲ. ಇಡೀ ಮೈ ತಿರುಗಿಸಿ, ಬೆನ್ನು ಕೊಟ್ಟು, ಕೈ ಕಟ್ಟಿಕೊಂಡು, ಗೋಡೆಯನ್ನೋ ಕಿಟಕಿಯನ್ನೋ ನೋಡುತ್ತ ನಿಲ್ಲುವುದು. "ಆತೇನ್ರಿ?" ಎಂದು ಕೇಳಿ, "ಆತು" ಅನ್ನಿಸಿಕೊಂಡ ಮೇಲೆಯೇ ಈ ಕಡೆ ತಿರುಗುವುದು. ಶಹಾಪುರದ ಗಿರಾಕಿಗಳೆಲ್ಲ ಇದನ್ನು ದೊಡ್ಡ ಗುಣವೆಂದು ಹೊಗಳುತ್ತಿದ್ದರು. ನನಗೆ ಮಾತ್ರ ಅದನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಇವಳ ಕೆಲಸವೇ ವೈಫೈ ಪೆಟ್ಟಿಗೆ ಕೂಡಿಸಿ ಅದಕ್ಕೆ ಭದ್ರತೆ ಹಾಕುವುದು. ಪೆಟ್ಟಿಗೆಯ ಒಳಗಿನ ಸೆಟ್ಟಿಂಗ್ ತೆರೆಯುವ ಮೂಲ ಪಾಸ್‌ವರ್ಡ್ ಇವಳ ಬಳಿಯೇ ಇರುತ್ತದೆ. ಬೇಕಾದರೆ ಮನೆಗೆ ಹೋಗುವ ಮುಂಚೆ ತೆರೆದು ಎಲ್ಲವನ್ನೂ ಓದಬಹುದು. ಅಂಥವಳಿಗೆ ಈ ನಾಟಕ ಯಾಕೆ ಎಂದು ನಾನು ಎಷ್ಟೋ ಸಲ ಹಲ್ಲು ಕಡಿದಿದ್ದೇನೆ.

ನಮ್ಮಿಬ್ಬರದೂ ಯಾದಗಿರಿಯ ಹಾಸ್ಟೆಲಿನಲ್ಲಿ ಒಂದೇ ಕೋಣೆ, ಒಂದೇ ಕಂಪ್ಯೂಟರ್ ಡಿಪ್ಲೊಮಾ. ಅವಳು ಕೊಂಕಲ್‌ನವಳು. ತಾಯಿ ಹತ್ತಿ ಬಿಡಿಸಲು, ಕಳೆ ತೆಗೆಯಲು ಹೋಗುವವಳು. ಹುಣ್ಣಿಮೆ ಬಂದರೆ ಮನೆಮಂದಿಯೆಲ್ಲ ಬಿಳಿ ಬಟ್ಟೆ ಉಟ್ಟು ಬುದ್ಧವಿಹಾರಕ್ಕೆ ಹೋಗುವ ಕುಟುಂಬ. ತಂದೆಯ ಮುಖ ಅವಳಿಗೆ ನೆನಪಿರಲಿಲ್ಲ. ನನಗೆ ಅವ್ವನ ಮುಖ ನೆನಪಿರಲಿಲ್ಲ. ಹೀಗೆ ಲೆಕ್ಕ ಸರಿಹೋಗಿ ಸ್ನೇಹವಾಯಿತು ಅಂತ ಬೇಕಾದರೆ ಹೇಳಬಹುದು. ಆದರೆ ಸ್ನೇಹದ ಜೊತೆಗೇ ನನ್ನ ಹೊಟ್ಟೆಕಿಚ್ಚೂ ಹುಟ್ಟಿತು, ಮತ್ತು ಎರಡರಲ್ಲಿ ಅದೇ ಚೆನ್ನಾಗಿ ಬೆಳೆಯಿತು. ನೆಟ್‌ವರ್ಕ್ ವೈರಿನ ತುದಿಗೆ ಪ್ಲಾಸ್ಟಿಕ್ ಮೂತಿ ಒತ್ತಿ ಕೂಡಿಸುವ ಕೆಲಸ ನನಗೆ ಮೂರು ಸಲ ಕೆಟ್ಟರೆ ಅವಳಿಗೆ ಮೊದಲ ಸಲಕ್ಕೇ ಬರುತ್ತಿತ್ತು. ಸರ್ ಏನಾದರೂ ಕೇಳಿದರೆ ಉತ್ತರ ನನಗೂ ಗೊತ್ತಿರುತ್ತಿತ್ತು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಜೋಡಿಸಿಕೊಳ್ಳುವುದರೊಳಗೆ ಅವಳು ಕನ್ನಡದಲ್ಲಿ ಹೇಳಿ ಕೂತಿರುತ್ತಿದ್ದಳು. ಅವಳ ಜಡೆಯೂ ನನ್ನದಕ್ಕಿಂತ ದಪ್ಪ. ಇದನ್ನು ಹೇಳಬಾರದು ಅಂದುಕೊಂಡಿದ್ದೆ, ಆದರೆ ಹೊಟ್ಟೆಕಿಚ್ಚಿನ ವಿಷಯ ಬರೆಯಲು ಕೂತ ಮೇಲೆ ಜಡೆಯನ್ನು ಬಿಟ್ಟರೆ ಹೇಗೆ.

ಇಷ್ಟೇ ಆಗಿದ್ದರೆ ನಾನು ಸಹಿಸುತ್ತಿದ್ದೆ. ಅವಳು ನಮ್ಮ ಮನೆಗೆ ಬರತೊಡಗಿದಳು. ಅಲ್ಲಿಂದ ಕೆಟ್ಟಿತು.

ನಮ್ಮ ಮನೆ ಶಹಾಪುರದ ಹತ್ತಿರ, ಕಾಲುವೆ ಕಡಿಯುವಾಗ ಕೆಲಸಗಾರರಿಗೆಂದು ಕಟ್ಟಿದ ಕ್ಯಾಂಪಿನಲ್ಲಿ. ಅಪ್ಪ ಕಾಲುವೆಯ ಗೇಟ್ ಕಾಯುವವನಾಗಿದ್ದ. ಕೆಲಸ ಬಿಟ್ಟು ವರ್ಷಗಳಾದರೂ ಎಲ್ಲರಿಗೂ ಅವನು ಗೇಟ್ ಹಣಮಂತಪ್ಪನೇ. ಮನೆಯಲ್ಲಿ ನಾವಿಬ್ಬರೇ, ಮಾತು ಬಹಳ ಕಡಿಮೆ. "ಉಂಡಿ?" "ಉಂಡೆ." "ಬಾಗಿಲ ಹಾಕಿ?" "ಹಾಕೀನಿ." ನಮ್ಮ ಅಪ್ಪ ಇರುವುದೇ ಹೀಗೆ, ಕಾಲುವೆ ದಂಡೆಯ ಮೇಲೆ ಒಬ್ಬನೇ ಕೂತು ಕೂತು ಮಾತು ಮರೆತಿದ್ದಾನೆ ಎಂದು ನಾನು ನಂಬಿದ್ದೆ. ಒಂದು ಭಾನುವಾರ ರತ್ನಮಾಲಾ ಬಂದು, ಸಜ್ಜೆರೊಟ್ಟಿ ಮುರಿಯುತ್ತ, "ಅಪ್ಪಾರ, ಗೇಟ್ ಕಾಯೋದಂದ್ರ ಏನು ಮಾಡೂದ್ರಿ?" ಅಂದಳು. ಅಷ್ಟೇ. ಅಪ್ಪ ಬಾಯಿ ತೆರೆದ. ಮಧ್ಯಾಹ್ನ ಇಳಿಯುವವರೆಗೆ ಮುಚ್ಚಲಿಲ್ಲ.

"ಹೊಸದಾಗಿ ನೀರು ಬಂದಾಗ ಮ್ಯಾಲಿನೂರವರು ರಾತ್ರೋರಾತ್ರಿ ಗೇಟ್ ಎತ್ತಿ ತಾವೇ ಕುಡಿಸ್ಕೋತಿದ್ರು. ತುದಿ ಊರಿಗಿ ಹನಿ ಮುಟ್ಟತಿದ್ದಿಲ್ಲ. ಬಡಿದಾಟ ಆತು. ಆಮ್ಯಾಲ ಹಿರ್‍ಯಾರು ಕುಂತು ಗೇಟಿಗಿ ಎರಡು ಕೀಲಿ ಹಾಕಿಸಿದ್ರು. ಒಂದರ ಕೀಲಿಕೈ ಮ್ಯಾಲಿನೂರಾಗ, ಇನ್ನೊಂದರದು ತುದಿ ಊರಾಗ. ಇಬ್ಬರೂ ಬಂದು ತಮ್ಮ ತಮ್ಮ ಕೀಲಿ ತೆಗೀಬೇಕು, ಅವಾಗ ನಾ ಹಿಡಿಕಿ ತಿರುವಬೇಕು. ಕೀಲಿಕೈ ಅವರದು, ಹಿಡಿಕಿ ನಂದು."

"ಆ ಕೀಲಿಕೈ ಎಲ್ಲಿ ಇಟ್ಕೋತಿದ್ರು ಅಂತ ನೋಡ್ಲಿಲ್ಲೇನ್ರಿ ಯಾವತ್ತೂ?"

"ಒಬ್ಬವ ಧೋತ್ರದ ಗಂಟಿನಾಗ, ಒಬ್ಬವ ಎಲ್ಲೋ. ನಾ ನೋಡ್ತಿದ್ದಿಲ್ಲವ್ವ. ಹಿಡಿಕಿ ಇದ್ದವ ಕೀಲಿಕೈ ಮ್ಯಾಲ ಕಣ್ಣು ಇಡಬಾರದು. ಅವರು ಕೀಲಿಕೈ ತೆಗಿಯೂತನಕ ನಾ ನೀರಿನ ಕಡಿ ಮಾರಿ ತಿರುವಿ ನಿಲ್ತಿದ್ದೆ. 'ಆತೇನ್ರಪಾ' ಅಂತಿದ್ದೆ. 'ಆತು' ಅಂದ್ರ ತಿರುಗ್ತಿದ್ದೆ."

ನಾನು ಒಲೆಯ ಮುಂದೆ ಕೂತಿದ್ದೆ. ಇಷ್ಟು ವರ್ಷ ಅದೇ ಮನುಷ್ಯನಿಗೆ ರೊಟ್ಟಿ ಬಡಿದು ಹಾಕಿದ್ದೇನೆ, ಎರಡು ಕೀಲಿಯ ವಿಷಯ ಒಂದು ದಿನವೂ ಹೇಳಿರಲಿಲ್ಲ. ಕೇಳಿದ್ದೆನೇ ಎಂದರೆ, ಕೇಳಿರಲಿಲ್ಲ. ಆದರೆ ಮಗಳು ಕೇಳಿದರೇ ಹೇಳಬೇಕೇ? ಮುಂದಿನ ವಾರದಿಂದ ನೋಡುತ್ತೇನೆ, ಲ್ಯಾಬಿನಲ್ಲಿ ಯಾರು ಪಾಸ್‌ವರ್ಡ್ ಹೊಡೆದರೂ ರತ್ನಮಾಲಾ ಬೆನ್ನು ತಿರುಗಿಸಿ ನಿಲ್ಲತೊಡಗಿದ್ದಾಳೆ. "ಆತೇನ್ರಿ?" ಬೇರೆ. ನಮ್ಮ ಅಪ್ಪನ ನಿಲುವು, ನಮ್ಮ ಅಪ್ಪನ ಮಾತು, ಅವಳ ಮೈಗೆ ಹೇಳಿ ಹೊಲಿಸಿದ ಹಾಗೆ ಕೂತುಬಿಟ್ಟಿತ್ತು. ಬೇರೆಯವರ ಮಗಳು ನನ್ನ ಕಣ್ಣೆದುರಿಗೇ ನನ್ನ ಅಪ್ಪನಂತೆ ನಿಂತರೆ ನಾನು ಏನು ಮಾಡಬೇಕಿತ್ತು, ನೀವೇ ಹೇಳಿ. ಅಂದಿನಿಂದ ನನಗೆ ಬೇಕಾದದ್ದು ಒಂದೇ ಆಯಿತು: ಅವಳಿಗೆ ಹೇಳದ ಒಂದೇ ಒಂದು ಮಾತನ್ನಾದರೂ ಅಪ್ಪ ನನಗೆ ಹೇಳಬೇಕು.

ಡಿಪ್ಲೊಮಾ ಮುಗಿದ ಮೇಲೆ ಶಹಾಪುರದಲ್ಲಿ ಒಂದೇ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆವು. ಆಗ ಎಲ್ಲ ಕಡೆ ವೈಫೈ ಪೆಟ್ಟಿಗೆಗಳು ಬರುತ್ತಿದ್ದ ಕಾಲ. ಸುರಪುರದಿಂದ ಕಕ್ಕೇರಾದವರೆಗೆ ಶಾಲೆ, ದವಾಖಾನೆ, ಗೊಬ್ಬರದ ಅಂಗಡಿ ಎಲ್ಲೆಲ್ಲೂ ನಾವಿಬ್ಬರೇ ಹೋಗಿ ಕೂಡಿಸುತ್ತಿದ್ದೆವು. ನಾನು ಗಿರಾಕಿಗಳಿಗೆ ಎನ್‌ಕ್ರಿಪ್ಷನ್ ಎಂದರೆ ಏನೆಂದು ವಿವರಿಸಲು ಹೋಗಿ ಬೆವರುತ್ತಿದ್ದೆ. ಅವಳು ಹೇಳುತ್ತಿದ್ದದ್ದು ಇಷ್ಟು: "ಕೀಲಿ ಇಲ್ಲದ ವೈಫೈ ಅಂದ್ರ ಸಂತ್ಯಾಗ ನಿಂತು ಒದರಿ ಮಾತಾಡಿದಂಗ್ರಿ. ನೀವು ಬ್ಯಾಂಕಿಗಿ ಹೇಳಿದ್ದು ಬಾಜೂದವರಿಗೂ ಕೇಳತದ. ನಾ ಈಗ ಏನು ಮಾಡಾಕತ್ತೇನಿ ಅಂದ್ರ, ನಿಮಗೂ ಪೆಟ್ಟಿಗಿಗೂ ಅಷ್ಟೇ ತಿಳಿಯೋ ಭಾಷಾ ಮಾಡಿ ಕೊಡಾಕತ್ತೇನಿ." ಗಿರಾಕಿಗಳು ತಲೆಯಾಡಿಸುತ್ತಿದ್ದರು. ಚಹಾ ಅವಳಿಗೆ ಮೊದಲು ಬರುತ್ತಿತ್ತು.

ವನದುರ್ಗದ ಆಚೆಯ ಒಂದು ಹಳ್ಳಿಯಲ್ಲಿ ಕಾಲುವೆ ನೀರು ಹಂಚುವ ರೈತರ ಸಂಘವೊಂದಿತ್ತು. ಅವರು ಗೇಟಿಗೆ ಕ್ಯಾಮೆರಾ ಹಾಕಿಸಿದ್ದರು. ಸಂಘದ ವೈಫೈಗೆ ಸೇರಿದ ಫೋನಿನಲ್ಲಿ ಮಾತ್ರ ಗೇಟು ಎಷ್ಟು ಎತ್ತಿದೆ ಎಂಬುದು ಕಾಣುತ್ತಿತ್ತು. ಪಾಸ್‌ವರ್ಡ್ ಮೇಲಿನೂರಿನ ಶಿವಪ್ಪಗೌಡರ ಬಳಿ. ಅವರು ತುದಿ ಊರಿನವರಿಗೆ ಕೊಡುತ್ತಿರಲಿಲ್ಲ. ಕೊಟ್ಟರೆ ತುದಿಯವರು ಅದನ್ನು ಬದಲಿಸಿ ತಮ್ಮನ್ನೇ ಹೊರಗೆ ಹಾಕುತ್ತಾರೆಂಬ ಹೆದರಿಕೆ. ತುದಿ ಊರಿನ ಯಂಕೋಬ ಎಂಬವನು ಕ್ಯಾಮೆರಾವನ್ನೇ ಕಲ್ಲಿನಿಂದ ಒಡೆಯುತ್ತೇನೆಂದು ಕೂತಿದ್ದ. ಸಂಘದವರು ನಮ್ಮಿಬ್ಬರನ್ನೂ ಕರೆಸಿದರು. ನಾನು ಪಾಸ್‌ವರ್ಡ್ ಎಷ್ಟು ಉದ್ದ ಇರಬೇಕು, ಯಾವ ಭದ್ರತೆ ಒಳ್ಳೆಯದು, ಹಳೆಯ ಪದ್ಧತಿಯನ್ನು ಯಾಕೆ ಬಿಡಬೇಕು ಎಂದೆಲ್ಲ ಹೇಳಿದೆ. ಇಬ್ಬರೂ ನನ್ನ ಮಾತು ಮುಗಿಯುವುದನ್ನು ಕಾಯ್ದು ಮತ್ತೆ ಜಗಳಕ್ಕೆ ಬಿದ್ದರು.

ರತ್ನಮಾಲಾ ಪೆಟ್ಟಿಗೆಯ ಮೂಲ ಪಾಸ್‌ವರ್ಡ್ ಬದಲಿಸಿ ತನ್ನ ಬಳಿ ಇಟ್ಟುಕೊಂಡಳು. ಆಮೇಲೆ, "ಪಾಸ್‌ವರ್ಡ್ ಒಂದ, ಆದ್ರ ಎರಡು ತುಂಡು. ಅರ್ಧ ಗೌಡರು ಹೊಡೀರಿ, ಅರ್ಧ ಯಂಕೋಬಣ್ಣ ಹೊಡೀಲಿ. ಒಬ್ಬರದು ಒಬ್ಬರಿಗಿ ಹೇಳಬ್ಯಾಡ್ರಿ. ಹೊಸ ಫೋನ್ ಸೇರಿಸಬೇಕಂದ್ರ ಇಬ್ಬರೂ ಬರ್ರಿ," ಅಂದಳು. ಅದು ನಮ್ಮ ಮನೆಯ ಮಾತು, ನನ್ನ ಅಪ್ಪನ ಎರಡು ಕೀಲಿ. ಅದು ನನಗೆ ಹೊಳೆಯಬೇಕಿತ್ತು. ಜನ ಹೊಗಳತೊಡಗಿದಾಗ ಅವಳು ನನ್ನತ್ತ ಕೈ ತೋರಿಸಿ, "ಇದು ನನ್ನ ಬುದ್ಧಿ ಅಲ್ರಿ, ಇವರ ಅಪ್ಪಾರದು," ಅಂದಳು. ಎಲ್ಲರೂ ಅವಳ ದೊಡ್ಡ ಮನಸ್ಸನ್ನೂ ಹೊಗಳಿದರು. ನನಗೆ ಬರಬೇಕಾದದ್ದನ್ನು ಕೊಟ್ಟೂ ತಾನೇ ಹೊಗಳಿಸಿಕೊಳ್ಳುವ ವಿದ್ಯೆ ಅವಳೊಬ್ಬಳಿಗೇ ಗೊತ್ತಿತ್ತು.

ಯಾರ ಅರ್ಧ ಮೊದಲು ಎಂಬ ಪ್ರಶ್ನೆ ಬಂತು. "ನೀರು ಮೊದಲು ನಮ್ಮೂರಿಗಿ ಬರತದ, ನಮ್ಮದು ಮೊದಲು," ಅಂದರು ಗೌಡರು. ರತ್ನಮಾಲಾ, "ನಿಮ್ಮ ಸಂಘದಾಗ ನೀರಿನ ಪಾಳಿ ಎಲ್ಲಿಂದ ಶುರು ಅದರಿ?" ಅಂದಳು. ತುದಿಯಿಂದ ಎಂಬುದು ಅವರೇ ಮಾಡಿಕೊಂಡ ನಿಯಮ. ಗೌಡರು ಲ್ಯಾಪ್‌ಟಾಪನ್ನು ಯಂಕೋಬನ ಕಡೆ ಸರಿಸಿದರು. ಯಂಕೋಬ ಹೆಗಲ ಟವೆಲ್ಲನ್ನು ತಲೆಯ ಮೇಲಿಂದ ಲ್ಯಾಪ್‌ಟಾಪಿಗೂ ಸೇರಿಸಿ ಹೊದ್ದು, ಒಳಗೆ ಕೂತು ತನ್ನ ಅರ್ಧ ಹೊಡೆದ. ಆಮೇಲೆ ಅದೇ ಟವೆಲ್ಲನ್ನು ಗೌಡರು ಇಸಿದುಕೊಂಡರು. ರತ್ನಮಾಲಾ ಅಷ್ಟೂ ಹೊತ್ತು ಬಾಗಿಲ ಕಡೆ ಮುಖ ಮಾಡಿ ನಿಂತಿದ್ದಳು.

ವಾರ ಕಳೆಯುವುದರೊಳಗೆ ಪೆಟ್ಟಿಗೆ ಕೆಟ್ಟಿದೆ, ಯಾವ ಹೊಸ ಫೋನೂ ಸೇರುತ್ತಿಲ್ಲ ಎಂದು ದೂರು ಬಂತು. ಅಂಗಡಿ ಸಾಹುಕಾರರು ನನ್ನನ್ನೇ ಕಳಿಸಿದರು. ಈ ಸಲ ನಾನೊಬ್ಬಳೇ ಸರಿಮಾಡಿ ಬರುತ್ತೇನೆಂದು ಖುಷಿಯಿಂದ ಹೋದೆ. ವೈರು ನೋಡಿದೆ, ಪೆಟ್ಟಿಗೆ ಆರಿಸಿ ಹಚ್ಚಿದೆ, ಕಿಟಕಿಯ ಬಳಿ ಇಟ್ಟು ನೋಡಿದೆ. ಏನೂ ಆಗಲಿಲ್ಲ. ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಫೋನು ಮಾಡಿದೆ. ಆ ಕಡೆ ಅವಳು ನಕ್ಕಳು. "ಮೊದಲು ಯಾರು ಹೊಡಿಯಾಕತ್ತಾರ ಕೇಳು." ಕೇಳಿದೆ. ಗೌಡರು ಗೋಡೆ ನೋಡಿದರು. ನಾಲ್ಕು ಜನರೆದುರು ತುದಿಯವನ ಹಿಂದೆ ಹೊಡೆಯುವುದು ಅವರಿಗೆ ಆಗಿಬರುತ್ತಿರಲಿಲ್ಲ. ಬಂದ ಫೋನಿಗೆಲ್ಲ ತಾವೇ ಮೊದಲು ಹೊಡೆಯುತ್ತಿದ್ದರು, ತುಂಡುಗಳು ಹಿಂದುಮುಂದಾಗಿ ಪಾಸ್‌ವರ್ಡ್ ತಪ್ಪುತ್ತಿತ್ತು. ಯಂಕೋಬನಿಗೆ ಅದು ಗೊತ್ತಿದ್ದೂ, ಗೌಡರು ಸೋಲುವುದನ್ನು ನೋಡುತ್ತ ಸುಮ್ಮನೆ ಕೂತಿದ್ದ. ಊರಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ, ಅಲ್ಲೇ ಇದ್ದ ನನಗೆ ಕಾಣಲಿಲ್ಲ, ಶಹಾಪುರದಲ್ಲಿ ಕೂತ ಅವಳಿಗೆ ಕಂಡಿತು. ಬಸ್ಸಿನಲ್ಲಿ ಬರುತ್ತ ದಾರಿಯುದ್ದಕ್ಕೂ ಅವಳಿಗೆ ಬೈದೆ.

ಆಮೇಲೆ ನಾನು ಅಂಗಡಿ ಬಿಟ್ಟು ಮನೆಯಿಂದಲೇ ಮಕ್ಕಳಿಗೆ ಆನ್‌ಲೈನ್ ಪಾಠ ಶುರು ಮಾಡಿದೆ. ಪೆಟ್ಟಿಗೆ ನಾನೇ ತಂದು ಕೂಡಿಸಿದೆ. ಅಪ್ಪನಿಗೆ ನೆನಪಿರಲೆಂದು ಕ್ಯಾಂಪಿನ ಹೆಸರನ್ನೇ ಪಾಸ್‌ವರ್ಡ್ ಮಾಡಿದ್ದೆ. ಕ್ಯಾಂಪಿನವರಿಗೂ ಅದು ಚೆನ್ನಾಗಿ ನೆನಪಿತ್ತು. ಎಲ್ಲರೂ ನಮ್ಮ ಗೋಡೆಗೆ ಆನಿಕೊಂಡು ಫೋನಿನಲ್ಲಿ ಸಿನಿಮಾ ನೋಡತೊಡಗಿದರು, ನನ್ನ ಪಾಠ ನಡುನಡುವೆ ನಿಂತುಹೋಗತೊಡಗಿತು. ಅಪ್ಪ ನನ್ನನ್ನು ಒಂದು ಮಾತು ಕೇಳದೆ ರತ್ನಮಾಲಾಳಿಗೆ ಫೋನು ಮಾಡಿ ಕರೆಸಿದ. ಅವಳು ಬಂದವಳೇ ಪೆಟ್ಟಿಗೆಯ ಒಳಹೊಕ್ಕು ನೋಡಿ, "ಮೂಲ ಪಾಸ್‌ವರ್ಡ್ ಇನ್ನೂ ಕಂಪನಿ ಕೊಟ್ಟದ್ದೇ ಅದ ಶಶಿ, ಬದಲಿಸೇ ಇಲ್ಲ. ಗೇಟಿಗಿ ಕೀಲಿ ಹಾಕಿ ಹಿಡಿಕಿ ರಸ್ತಾದಾಗ ಇಟ್ಟಿ," ಅಂದಳು. ಅಪ್ಪ ನಕ್ಕ. ನನ್ನ ಕೆಲಸದ ಬಗ್ಗೆ, ಅದೂ ಅವಳ ಮಾತಿಗೆ, ನಕ್ಕ.

ಅವಳು ಒಂದೊಂದಾಗಿ ಸರಿಮಾಡಿದಳು. ಹಳೆಯ ಭದ್ರತೆ ತೆಗೆದು ಗಟ್ಟಿಯಾದದ್ದು ಹಾಕಿದಳು. ಗುಂಡಿ ಒತ್ತಿದರೆ ಪಾಸ್‌ವರ್ಡ್ ಇಲ್ಲದೆ ಒಳಬರುವ ಸೌಲಭ್ಯವನ್ನು ಮುಚ್ಚಿದಳು. ಹೊಸ ಪಾಸ್‌ವರ್ಡ್ ಬಂದಾಗ ಅಪ್ಪ, "ನಮ್ಮ ಮನಿಗೂ ಎರಡು ಕೀಲಿ ಇರ್ಲಿ. ಒಂದು ಶಶೀದು, ಒಂದು ನಂದು. ತುದಿ ಮೊದಲು ಅಲ್ಲೇನು, ಸಣ್ಣಾಕಿ ಮೊದಲು ಹೊಡೀಲಿ," ಅಂದ. ನಾನು ನನ್ನ ಅರ್ಧ ಹೊಡೆದೆ. ಆಮೇಲೆ ಅಪ್ಪ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಒಂದೇ ಬೆರಳಿನಿಂದ, ಪ್ರತಿ ಅಕ್ಷರವನ್ನೂ ಹುಡುಕಿ ಹುಡುಕಿ ಒತ್ತಿದ. ತೆರೆಯ ಮೇಲೆ ಚುಕ್ಕಿಗಳಷ್ಟೇ ಬೀಳುತ್ತಿದ್ದವು. ರತ್ನಮಾಲಾ ಕಿಟಕಿಯ ಬಳಿ ಹೋಗಿ ಕಾಲುವೆಯ ಕಡೆ ಮುಖ ಮಾಡಿದಳು. ನನಗೂ, "ತಿರುಗು," ಅಂದಳು. ನಾನು ತಿರುಗಿದೆ.

"ಮೂಲದ್ದು ಯಾರ ಹತ್ರ ಇರ್ಲಿ ಅಪ್ಪಾರ?"

"ಹಿಡಿಕಿ ನಿನ್ನ ಹತ್ರಾನ ಇರ್ಲಿ," ಅಂದ ಅಪ್ಪ.

ಈ ಮನೆಯ ಹಿಡಿಕೆ ಕೊಂಕಲ್‌ನವಳಿಗೆ. ಅಂದರೆ ಅವಳು ಯಾವಾಗ ಬೇಕಾದರೂ ಒಳಗೆ ತೆರೆದು ಅಪ್ಪನ ಅರ್ಧವನ್ನು ಓದಬಹುದು. ಓದಿಯೇ ಇರುತ್ತಾಳೆ. ಅಪ್ಪನ ಮನಸ್ಸಿನಲ್ಲಿದ್ದ ಒಂದು ಮಾತು ಅವಳಿಗೆ ಗೊತ್ತು, ನನಗೆ ಗೊತ್ತಿಲ್ಲ. ಆ ಯೋಚನೆ ನನ್ನನ್ನು ವರ್ಷಗಟ್ಟಲೆ ಕೊರೆಯಿತು. ಮನೆಗೆ ಯಾರಾದರೂ ನಂಟರು ಬಂದು ವೈಫೈ ಕೇಳಿದರೆ ನಾನು ಮೊದಲು ಹೊಡೆದು ಫೋನನ್ನು ಅಪ್ಪನಿಗೆ ಕೊಡುತ್ತಿದ್ದೆ. ಅಪ್ಪ ಅಂಗೈ ಅಡ್ಡ ಹಿಡಿದು ಹೊಡೆಯುತ್ತಿದ್ದ. ಒಂದು ಸಲ, "ನನಗ ಹೇಳಿದ್ರ ಏನಾಗತದ ಅಪ್ಪ?" ಅಂದೆ. "ಎರಡು ಕೀಲಿಕೈ ಒಬ್ಬರ ಹತ್ರ ಇದ್ರ ಎರಡು ಕೀಲಿ ಯಾಕ ಬೇಕಿತ್ತು?" ಅಂದ. ಅವಳ ಬಳಿ ಎರಡೂ ಇವೆಯಲ್ಲ ಎನ್ನಬೇಕೆನಿಸಿತು, ಅನ್ನಲಿಲ್ಲ.

ರತ್ನಮಾಲಾ ಮದುವೆಯಾಗಿ ಬೀದರಿನ ಕಡೆ ಹೋದಳು. ಅಲ್ಲಿಯೇ ಒಂದು ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು. ಅಪ್ಪ ಊಟಕ್ಕೆ ಕೂತಾಗ, "ಆಕಿ ಫೋನ್ ಮಾಡಿದ್ಳೇನು?" ಎಂದು ಕೇಳುತ್ತಿದ್ದ. ಆಕಿ ಎಂದರೆ ಯಾರೆಂದು ನಾನು ಬೇಕೆಂತಲೇ ಕೇಳುತ್ತಿದ್ದೆ.

ಕಾಲುವೆಗೆ ನೀರು ನಿಲ್ಲಿಸಿದ್ದ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡ. ರತ್ನಮಾಲಾ ಹೆರಿಗೆಯಾಗಿ ಮಲಗಿದ್ದಳು, ಮಣ್ಣಿಗೆ ಬರಲಾಗಲಿಲ್ಲ. ಬಂದಾಗ ಮಳೆ ಶುರುವಾಗಿ ಕಾಲುವೆ ತುಂಬಿ ಹರಿಯುತ್ತಿತ್ತು. ಅಪ್ಪನ ಮಂಚದ ತುದಿಯಲ್ಲಿ ಕೂತು ಅವಳು ಅತ್ತಳು, ಒಳ್ಳೆಯ ಅಳು, ಎದೆ ಹಗುರಾಗುವಂಥದ್ದು. ನನಗೆ ಅಲ್ಲಿಯವರೆಗೆ ಅಳು ಬಂದಿರಲಿಲ್ಲ. ಅಳುವುದರಲ್ಲೂ ನನಗಿಂತ ಮುಂದೆ ಹೋದಳಲ್ಲ ಅನ್ನಿಸಿತು.

ನನ್ನ ಹಳೆಯ ಫೋನು ನೀರಿಗೆ ಬಿದ್ದು ಸತ್ತಿತ್ತು. ಹೊಸದನ್ನು ತಂದು ನನ್ನ ಅರ್ಧ ಹೊಡೆದಿದ್ದೆ, ಮುಂದೆ ಕರ್ಸರ್ ಮಿಣುಕುತ್ತ ನಿಂತಿತ್ತು. ಅವಳ ಮುಂದೆ ಅದನ್ನು ಹಿಡಿದು, "ಅಪ್ಪನ ಅರ್ಧ ಹಾಕಿಕೊಡು," ಅಂದೆ.

"ನಾ ಹ್ಯಾಂಗ ಹಾಕ್ಲಿ?"

"ನಿನಗ ಗೊತ್ತದಲ್ಲ."

"ನನಗೆಲ್ಲಿ ಗೊತ್ತು ಶಶಿ? ಅವರು ಹೊಡಿಯೂವಾಗ ಮಾರಿ ತಿರುವಿ ನಿಂತಿದ್ದೆ. ನೀನೂ ಬಾಜೂಕ ಇದ್ದಿ."

"ಆಮ್ಯಾಲ ತೆಗದು ನೋಡಿರಬೇಕು. ಹಿಡಿಕಿ ನಿನ್ನ ಹತ್ರಾನ ಇತ್ತು."

ಅವಳು ನನ್ನ ಮುಖವನ್ನೇ ನೋಡಿದಳು. "ಹಿಡಿಕಿ ಇದ್ದದ್ದಕ್ಕ ನೋಡಲಿಲ್ಲ," ಅಂದಳು. ಆಮೇಲೆ, "ಅಪ್ಪಾರು ನಿನಗ ಹೇಳ್ಯಾರ ಅಂತ ತಿಳಿದಿದ್ದೆ. ಹಡೆದ ಮಗಳು, ಒಂದೇ ಮನ್ಯಾಗ ಇರ್ತೀರಿ, ಹೇಳಲಾರದ ಇರ್ತಾರೇನು? ಖರೇ ಹೇಳಬೇಕಂದ್ರ ಅದಕ್ಕ ನನಗ ನಿನ್ನ ಮ್ಯಾಲ ಬಾಳ ಹೊಟ್ಟಿಕಿಚ್ಚಿತ್ತು," ಅಂದಳು.

ನನ್ನ ಮೇಲೆ, ರತ್ನಮಾಲಾಳಿಗೆ. ಇಷ್ಟು ವರ್ಷ ನಾನೊಬ್ಬಳೇ ಉರಿಯುತ್ತಿದ್ದೇನೆ ಅಂದುಕೊಂಡಿದ್ದೆ.

ಅವಳು ಲ್ಯಾಪ್‌ಟಾಪ್ ತೆರೆದು, ಮೂಲ ಪಾಸ್‌ವರ್ಡ್ ಹೊಡೆದು, ಒಳಗಿನ ಪುಟವನ್ನು ನನ್ನ ಮುಂದೆ ಇಟ್ಟಳು. ಸಾಲಾಗಿ ಚುಕ್ಕಿಗಳು, ಕೊನೆಯಲ್ಲಿ ಒಂದು ಸಣ್ಣ ಕಣ್ಣಿನ ಚಿತ್ರ. "ಮೊದಲಿಂದು ನಿಂದು, ಹಿಂದಿಂದು ಅಪ್ಪಾರದು. ಈ ಕಣ್ಣು ಒತ್ತಿದ್ರ ಕಾಣತದ. ನೀನ ನೋಡು," ಅಂದವಳು ಎದ್ದು ಕಿಟಕಿಯ ಬಳಿ ಹೋಗಿ, ಬೆನ್ನು ತಿರುಗಿಸಿ, ಕೈ ಕಟ್ಟಿ ನಿಂತಳು. ಜಡೆ ಅರ್ಧ ಉದುರಿತ್ತು. ನಿಲುವು ಮಾತ್ರ ಅಪ್ಪನದೇ.

ಬಾಣದ ಗುರುತನ್ನು ಕಣ್ಣಿನ ಮೇಲೆ ತಂದು ನಿಲ್ಲಿಸಿದೆ. ಅಲ್ಲಿ ಅವಳ ಹೆಸರಿದ್ದರೆ ನಾನು ತಡೆದುಕೊಳ್ಳಲಾರೆ. ನನ್ನ ಹೆಸರಿದ್ದರೆ ಅದನ್ನೂ ತಡೆದುಕೊಳ್ಳಲಾರೆ. ಇವೆರಡೂ ಅಲ್ಲದೆ ನಮ್ಮ ಹಳೆಯ ಎಮ್ಮೆಯ ಹೆಸರಿದ್ದರೂ ಇರಬಹುದು, ಅಪ್ಪನನ್ನು ನಂಬುವ ಹಾಗಿರಲಿಲ್ಲ. ಆ ದಿನ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತಿದ್ದು ಕಣ್ಣ ಮುಂದೆ ಬಂತು. ನನಗೆ ಆಗ ಅಳು ಬಂತು. ಸದ್ದಾಗದಂತೆ ಸೆರಗಿನಲ್ಲಿ ಒರೆಸಿಕೊಂಡೆ. ಕಣ್ಣನ್ನು ಒತ್ತಲಿಲ್ಲ. ಪುಟ ಮುಚ್ಚಿದೆ.

"ಆತೇನು?" ಅಂದಳು, ತಿರುಗದೆ.

"ಆತು," ಅಂದೆ.

ಅವಳು ತಿರುಗಿದಳು. ನನ್ನ ಕೆಂಪಾದ ಕಣ್ಣು ನೋಡಿದಳು. ಏನಿತ್ತು ಎಂದು ಕೇಳಲಿಲ್ಲ, ಅವಳು ಕೇಳುವವಳಲ್ಲ. ಆದರೆ ಅವಳ ಮುಖದಲ್ಲಿ ಆ ಹೊತ್ತು ಕಂಡದ್ದನ್ನು ನಾನು ಚೆನ್ನಾಗಿ ಬಲ್ಲೆ, ವರ್ಷಗಟ್ಟಲೆ ಕನ್ನಡಿಯಲ್ಲಿ ನೋಡಿದ್ದೇನೆ. ನನಗೆ ತಡೆಯಲಾರದಷ್ಟು ಖುಷಿಯಾಯಿತು. ಮೂಲ ಪಾಸ್‌ವರ್ಡನ್ನು ನನಗೆ ಹೇಳಲು ಬಂದಳು. "ಹಿಡಿಕಿ ನಿನ್ನ ಹತ್ರಾನ ಇರ್ಲಿ," ಅಂದೆ. ಚಹಾ ಕುಡಿದು, ಕೂಸಿಗೆ ಹಾಲು ಕುಡಿಸಿ, ಸಂಜೆಯ ಬಸ್ಸಿಗೆ ಹೋದಳು. ಆಮೇಲೆ ನಾವು ಭೇಟಿಯಾಗಿಲ್ಲ.

ಅಪ್ಪ ಕೊನೆಗೆ ನನಗೊಬ್ಬಳಿಗೇ ಒಂದು ಮಾತು ಬಿಟ್ಟುಹೋದ ಎಂದು ರತ್ನಮಾಲಾ ಬೀದರಿನಲ್ಲಿ ಕೂತು ಇವತ್ತಿಗೂ ನಂಬಿದ್ದಾಳೆ. ನನ್ನ ಹೊಸ ಫೋನು ಇವತ್ತಿಗೂ ಈ ಮನೆಯಲ್ಲಿ ವೈಫೈ ಹಿಡಿಯುವುದಿಲ್ಲ.